ನಾಲ್ಕನೆಯ ಎಲೆ

ಗುರುವಯ್ಯ ಬೆಳಿಗ್ಗೆ ಕೊಯ್ದು ತಂದ ಬಾಳೆಎಲೆಗಳನ್ನು ಜಗಲಿಯ ಮೇಲೆ ಹರವಿಕೊಂಡು ಎಡೆಗೆ ಬೇಕಾದವನ್ನು ಬೇರೆ ಮಾಡುತ್ತಿದ್ದ. ಒಂದು ಅವನ ಅಪ್ಪನಿಗೆ, ಒಂದು ಅವ್ವನಿಗೆ, ಒಂದು ಹಲಸಿನ ಮರದಿಂದ ಬಿದ್ದು ಸತ್ತ ಚಿಕ್ಕಪ್ಪ ಮಾರಯ್ಯನಿಗೆ. ಪ್ರತಿ ವರ್ಷ ಅಷ್ಟಕ್ಕೆ ಮುಗಿಯುತ್ತಿತ್ತು. ಈ ವರ್ಷ ಅವನು ಇನ್ನೊಂದು ಎಲೆ ಎತ್ತಿಕೊಂಡ, ಎಲ್ಲೂ ಸೀಳಿಲ್ಲ ತಾನೆ ಎಂದು ಬೆಳಕಿಗೆ ಹಿಡಿದು ನೋಡಿದ, ಒದ್ದೆ ಬಟ್ಟೆಯಿಂದ ಎರಡೆರಡು ಸಲ ಒರೆಸಿದ. ಅದು ಅವನ ದೊಡ್ಡ ಮಗ ಧರ್ಮೇಶನ ಎಲೆ. ಸೊಸೆ ಪ್ರೇಮಲತಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಧರ್ಮೇಶ ಸತ್ತಿರಲಿಲ್ಲ. ಅವನ ಹೆಂಡತಿಯಾದ ಅವಳಿಗೆ ಅದು ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಮಾಲಯ ಅಮಾವಾಸ್ಯೆಯೆಂದರೆ ಮೂಡಿಗೆರೆ ಸುತ್ತಿನ ಕಾಫಿ ಎಸ್ಟೇಟುಗಳಲ್ಲಿ ಆಳುಗಳಿಗೆ ಸಾಲಾಗಿ ಕಟ್ಟಿಕೊಟ್ಟ ಲೈನ್ ಮನೆಗಳಲ್ಲಿ ಹಿರಿಯರ ಹಬ್ಬ. ಮನೆಯಲ್ಲಿ ಸತ್ತವರೆಲ್ಲ ಅವತ್ತು ಬಂದು ಉಂಡು ಹೋಗುತ್ತಾರೆ. ಬದುಕಿದ್ದಾಗ ಏನು ಇಷ್ಟವಿತ್ತೋ ಅದನ್ನೇ ಮಾಡಿ ಬಡಿಸಬೇಕು. ಕುಡಿಯುತ್ತಿದ್ದವರಿಗೆ ಒಂದು ಲೋಟ, ಸೇದುತ್ತಿದ್ದವರಿಗೆ ಒಂದು ಕಟ್ಟು ಬೀಡಿ. ಬದುಕಿದ್ದಾಗ ಅದೇ ಬೀಡಿಗೆ ಬೈಸಿಕೊಂಡವರಿಗೆ ಸತ್ತ ಮೇಲೆ ಮರ್ಯಾದೆಯಿಂದ ಬೆಂಕಿಪೊಟ್ಟಣವನ್ನೂ ಜೊತೆಗಿಟ್ಟು ಕೊಡುತ್ತಾರೆ. ಆದರೆ ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯಸ್ಸು ಅಲ್ಲಿಗೇ ಮೊಟಕಾಯಿತು ಎಂದು ಇವರ ನಂಬಿಕೆ. ಎಂಥ ಹಗೆಯವರೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಧರ್ಮೇಶ ಮನೆ ಬಿಟ್ಟದ್ದು ಏಳು ವರ್ಷದ ಹಿಂದಿನ ಮಳೆಗಾಲದಲ್ಲಿ. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಲೋಡಿಂಗ್ ಕೆಲಸ ಸಿಗುತ್ತದಂತೆ, ಕೇಳಿಕೊಂಡು ಬರುತ್ತೇನೆ ಎಂದು ಚಿಕ್ಕಮಗಳೂರಿಗೆ ಹೊರಟವನು ತಿರುಗಿ ಬರಲಿಲ್ಲ. ಆ ವಾರ ಹೊಳೆ ತುಂಬಿ ಹರಿಯುತ್ತಿತ್ತು. ಸೇತುವೆಯ ಹತ್ತಿರ ಯಾರೋ ಒಬ್ಬ ಗಂಡಸು ನೀರಿಗೆ ಬಿದ್ದದ್ದನ್ನು ಕಂಡೆವೆಂದು ದನ ಕಾಯುವವರು ಹೇಳಿದರು. ಹೆಣ ಸಿಗಲಿಲ್ಲ. ಮೊದಮೊದಲು ಎಲ್ಲರೂ ಕಾದರು, ಆಮೇಲೆ ಕಾಯುವುದು ಅಭ್ಯಾಸವಾಯಿತು. ಹೋದ ವಾರ ಗುರುವಯ್ಯ ಊಟಕ್ಕೆ ಕೂತವನು ಇದ್ದಕ್ಕಿದ್ದಂತೆ ಕೈ ತೊಳೆದುಕೊಂಡು ಹೇಳಿದ್ದ:

“ಬದುಕಿದ್ರೆ ಇಷ್ಟ್ರೊಳಗೆ ಒಂದ್ಸಲ ಆದ್ರೂ ಬರ್ತಿದ್ದ. ಸತ್ತಿದ್ರೆ ಏಳು ವರ್ಷದಿಂದ ಉಪವಾಸ ಇದಾನೆ. ಎಲ್ರ ಮನೆ ಸತ್ತೋರೂ ಉಂಡ್ಕೊಂಡು ಹೋಗ್ವಾಗ ನನ್ ಮಗ ಬಾಗ್ಲಾಚೆ ನಿಂತಿರ್ತಾನಲ್ಲ. ಈ ಅಮಾಸೆಗೆ ಎಲೆ ಹಾಕೋದೇ ಸೈ.”

ಅವನ ಹೆಂಡತಿ ಅಂಜನಮ್ಮ ಮಾತ್ರ, “ಹೆಣ ನೋಡ್ದೆ ಎಡೆ ಇಡ್ತಾರೇನ್ರೀ?” ಎಂದು ಒಂದೇ ಒಂದು ಮಾತು ಕೇಳಿದಳು. ಹೆತ್ತ ಕರುಳು, ಒಪ್ಪುವುದು ಕಷ್ಟ ಎಂದು ಗಂಡನೂ ಸೊಸೆಯೂ ಅಂದುಕೊಂಡರು.

ಪ್ರೇಮಲತಾ ಅವನನ್ನು ಕಂಡದ್ದು ಎರಡು ವರ್ಷದ ಹಿಂದೆ. ಚಿಕ್ಕಮ್ಮನ ಕಣ್ಣಿನ ಆಪರೇಷನ್ನಿಗೆಂದು ಚಿಕ್ಕಮಗಳೂರಿಗೆ ಹೋಗಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಗಾಡಿಯ ಮುಂದೆ, ನೀರಲ್ಲಿ ಕೊಚ್ಚಿಕೊಂಡು ಹೋಗಿದ್ದ ಗಂಡ ಗೋಬಿ ಮಂಚೂರಿ ತಿನ್ನುತ್ತ ನಿಂತಿದ್ದ. ಮೈ ಬಂದಿತ್ತು, ಹೊಟ್ಟೆ ಅದಕ್ಕಿಂತ ಮುಂದಾಗಿ ಬಂದಿತ್ತು. ಪಕ್ಕದಲ್ಲಿ ಒಬ್ಬಳು ಹೆಂಗಸು, ಅವಳ ಸೊಂಟದ ಮೇಲೆ ಒಂದು ಹೆಣ್ಣುಮಗು. ಮಗುವಿನ ಗಲ್ಲಕ್ಕೆ ಮೆತ್ತಿದ್ದ ಕೆಂಪು ಮಸಾಲೆಯನ್ನು ಅವನು ತನ್ನ ಅಂಗಿಯ ತುದಿಯಿಂದ ಒರೆಸಿದ. ಪ್ರೇಮಲತಾ ನಿಂತಿದ್ದ ಬಸ್ಸೊಂದರ ಹಿಂದೆ ಸರಿದುಕೊಂಡಳು. ತಾನು ಯಾಕೆ ಅಡಗಬೇಕು ಎಂದು ಹೊಳೆದದ್ದು ಮನೆಗೆ ಬಂದು ಪಾತ್ರೆ ತೊಳೆಯುವಾಗ.

ಹೇಳಲಿಲ್ಲ. ಮುದುಕರಿಬ್ಬರೂ ಕುಸಿದು ಹೋಗುತ್ತಾರೆ ಎಂದುಕೊಂಡಳು. ಅದು ನಿಜವೇ. ಆದರೆ ಇನ್ನೊಂದು ನಿಜವೂ ಇತ್ತು. ಗಂಡ ಹೊಳೆ ಪಾಲಾದವಳಿಗೆ ಜನ ಅಯ್ಯೋ ಅನ್ನುತ್ತಾರೆ, ಗಂಡ ಬೇರೆಯವಳ ಜೊತೆ ಓಡಿದವಳನ್ನು ಕಂಡರೆ ಸೆರಗು ಬಾಯಿಗಿಟ್ಟುಕೊಳ್ಳುತ್ತಾರೆ. ಅಯ್ಯೋ ಅನ್ನಿಸಿಕೊಳ್ಳುವುದೇ ವಾಸಿ ಎಂದು ಅವಳು ಬಾಯಿ ಹೊಲಿದುಕೊಂಡಳು. ಆ ಹೊಲಿಗೆ ಇವತ್ತು ಬೆಳಿಗ್ಗೆಯಿಂದ ಚುಚ್ಚುತ್ತಿತ್ತು.

ಮೈದುನ ನಂದನ್ ಹತ್ತು ಗಂಟೆಯ ಹೊತ್ತಿಗೆ ಜೀಪು ತಂದು ನಿಲ್ಲಿಸಿದ. ಮೂಡಿಗೆರೆಯಲ್ಲಿ ಬಾಡಿಗೆ ಜೀಪು ಓಡಿಸಿಕೊಂಡು ಅಲ್ಲೇ ರೂಮು ಮಾಡಿಕೊಂಡಿದ್ದ ಅವನು ಹಬ್ಬಕ್ಕೆ ಮಾತ್ರ ಬರುವವನು. ಒಂದು ಕೈಯಲ್ಲಿ ನಾಟಿಕೋಳಿ, ಇನ್ನೊಂದು ಕೈಯಲ್ಲಿ ಬಾಯಿ ಕಟ್ಟಿದ ಗೋಣಿಚೀಲ. ಚೀಲದೊಳಗೆ ಹಳ್ಳದಲ್ಲಿ ಹಿಡಿದ ಏಡಿಗಳು ಪರಪರ ಸದ್ದು ಮಾಡುತ್ತಿದ್ದವು.

“ಅಣ್ಣಂಗೆ ಏಡಿ ಸಾರು ಅಂದ್ರೆ ಪ್ರಾಣ ಅಂತ ಅಪ್ಪ ಫೋನ್ ಮಾಡಿದ್ರು. ನಂಗಂತೂ ನೆನ್ಪಿಲ್ಲ ಅತ್ತಿಗೆ. ಬಸ್ ಸ್ಟ್ಯಾಂಡ್ ಹೋಟ್ಲು ಪರೋಟ ಸಿಕ್ರೆ ಬೇರೇನೂ ಬೇಡ ಅಂತಿದ್ದ.”

“ಪರೋಟ ಎಡೆಗೆ ಇಡ್ತಾರೇನೋ ದಡ್ಡ?” ಜಗಲಿಯಿಂದ ಗುರುವಯ್ಯ ಗದರಿದ. “ಏಡಿ ಸಾರೇ. ಸಣ್ಣವ್ನಿದ್ದಾಗ ಕಾಲು ಚೀಪಿ ಚೀಪಿ ತುಟಿ ಒಡ್ಕೊಂಡಿದ್ದ.”

“ಅದು ನಾನು ಅಪ್ಪಾ.”

“ನೀನೆಂಥದ್ದು ಸಾಯ್ಲಿ, ನಿಂಗೆ ಹಲ್ಲೇ ಬಂದಿರ್ಲಿಲ್ಲ.”

ಅಂಜನಮ್ಮ ಕೋಳಿಯನ್ನು ಬಿಸಿನೀರಿಗೆ ಅದ್ದುತ್ತ, ಅವನಿಗೆ ಇಷ್ಟವಾದದ್ದು ಕಡುಬು ಎಂದಳು. ಮೂವರೂ ಪ್ರೇಮಲತಾಳ ಕಡೆ ನೋಡಿದರು, ಹೆಂಡತಿ ತೀರ್ಪು ಹೇಳಲಿ ಎಂಬಂತೆ. ಅವಳಿಗೆ ನಗು ಬಂತು, ಹಿಂದೆಯೇ ಸಿಟ್ಟು ಬಂತು. ಧರ್ಮೇಶನಿಗೆ ಅವಳು ಮಾಡಿದ ಯಾವ ಅಡುಗೆಯೂ ಇಷ್ಟವಾದದ್ದಿಲ್ಲ. ಉಪ್ಪಿಲ್ಲ, ಖಾರ ಜಾಸ್ತಿ, ಅನ್ನ ಮುದ್ದೆಯಾಗಿದೆ ಎನ್ನುತ್ತ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದ. ಸತ್ಯಕ್ಕೆ ಬೆಲೆ ಕೊಡುವುದಾದರೆ ಅವನ ಎಲೆಗೆ ಒಂದು ಪ್ಲೇಟ್ ಗೋಬಿ ತರಿಸಬೇಕಿತ್ತು.

“ಏಡಿ ಸಾರೇ ಇರ್ಲಿ,” ಅಂದಳು.

ಗುರುವಯ್ಯ ಗೆದ್ದವನಂತೆ ತಲೆಯಾಡಿಸಿದ.

ಹಿರಿಯರ ಅಡುಗೆ ಮಾಡುವವರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಮಾತಾಡುವಾಗ ಎಂಜಲು ಸಿಡಿಯಬಾರದು. ಉಪ್ಪು ಹುಳಿ ನೋಡುವಂತಿಲ್ಲ, ಕೈ ಅಂದಾಜಿನಲ್ಲೇ ಹಾಕಬೇಕು. ನಾಲಿಗೆಗೆ ತಾಗಿದ ಅಡುಗೆಯನ್ನು ಹಿರಿಯರು ಮುಟ್ಟದೆ ಎದ್ದು ಹೋಗುತ್ತಾರೆ, ಹೋದವರು ಮತ್ತೆ ಬರುವುದು ಮುಂದಿನ ವರ್ಷಕ್ಕೇ. ಗುರುವಯ್ಯನ ಮನೆಯಲ್ಲಿ ಇನ್ನೂ ಒಂದು ಕಟ್ಟುನಿಟ್ಟು ಇತ್ತು: ಅವರವರ ಇಷ್ಟದ ಅಡುಗೆಯನ್ನು ಎಲೆಗೆ ಬಡಿಸುವಾಗಲೇ ಅವರವರ ಹೆಸರು ಹಿಡಿದು ಕರೆಯಬೇಕು. ಆ ಅಡುಗೆ ಸರಿಯಿಲ್ಲದಿದ್ದರೆ ಕರೆದದ್ದು ಮುಟ್ಟುವುದಿಲ್ಲ. ಹಾಗಾಗಿ ಅತ್ತೆ ಸೊಸೆ ಇಬ್ಬರೂ ಮೂಗು ಬಾಯಿ ಮುಚ್ಚುವಂತೆ ಬಿಳಿ ಬಟ್ಟೆ ಬಿಗಿದುಕೊಂಡು ಒಲೆಯ ಮುಂದೆ ಕೂತರು. ಇಬ್ಬರ ಕಣ್ಣು ಮಾತ್ರ ಕಾಣುತ್ತಿತ್ತು.

ಅಂಜನಮ್ಮನ ಮನಸ್ಸು ಇವತ್ತು ಕೆಲಸದಲ್ಲಿ ಇರಲಿಲ್ಲ. ಕಡುಬಿನ ಹಿಟ್ಟಿಗೆ ನೀರು ಹೆಚ್ಚು ಮಾಡಿದಳು. ಕೋಳಿಗೆ ಅರೆದ ಮಸಾಲೆಯನ್ನು ಏಡಿಯ ಪಾತ್ರೆಗೆ ಸುರಿಯಲು ಹೋದಾಗ ಪ್ರೇಮಲತಾ ಅವಳ ಕೈ ಹಿಡಿದಳು. ಮಗನ ಸಂಕಟ, ಪಾಪ, ಎಂದು ಪ್ರೇಮಲತಾಳ ಮನಸ್ಸು ಕರಗಿತು. ಈಗಲೇ ಹೇಳಿಬಿಡಲೇ ಎನ್ನಿಸಿತು. ‘ಅತ್ತೆ, ಅಳ್ಬೇಡಿ, ಅವ್ರು ಚೆನ್ನಾಗಿದಾರೆ, ಹೊಟ್ಟೆ ಬೇರೆ ಬಂದಿದೆ.’ ಹೇಗೆ ಹೇಳುವುದು? ಎರಡು ವರ್ಷ ಯಾಕೆ ಮುಚ್ಚಿಟ್ಟೆ ಎಂದು ಕೇಳಿದರೆ? ಅವಳು ಏಡಿಯ ಕಾಲುಗಳನ್ನು ಕಲ್ಲಿನ ಮೇಲಿಟ್ಟು ಕುಟ್ಟತೊಡಗಿದಳು. ಕುಟ್ಟಿ ನೀರು ಹಾಕಿ ಹಿಂಡಿ ರಸ ತೆಗೆದು ಸೋಸಬೇಕು, ಸಾರಿಗೆ ರುಚಿ ಅದರಿಂದಲೇ. ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದಳು. ಚಿಪ್ಪಿನ ಚೂರು ಗೋಡೆಗೆ ಹಾರಿತು.

“ಮೆಲ್ಲಗೆ, ಪ್ರೇಮಾ,” ಬಟ್ಟೆಯೊಳಗಿಂದ ಅಂಜನಮ್ಮನ ದನಿ ಬಂತು.

ನಡುನಡುವೆ ಇನ್ನೊಂದು ಯೋಚನೆ ತಲೆ ಹಾಕುತ್ತಿತ್ತು, ಅದನ್ನು ಅವಳು ಓಡಿಸಿದಷ್ಟೂ ಮರಳಿ ಬರುತ್ತಿತ್ತು. ಇಡಲಿ ಬಿಡು. ಅವನಾಗಿ ಸತ್ತವನಂತೆ ನಟಿಸಿದ, ಇವರು ಎಲೆ ಹಾಕಿ ಪೂರ್ತಿ ಮಾಡುತ್ತಾರೆ. ನಾಳೆಯಿಂದ ಅವಳ ಹೆಗಲ ಮೇಲೆ ಯಾರ ದಾರಿ ಕಾಯುವ ಕೆಲಸವೂ ಇಲ್ಲ. ಆಯಸ್ಸು ಮೊಟಕಾದರೆ ಆಗಲಿ, ಅವಳ ಏಳು ವರ್ಷ ಮೊಟಕಾದದ್ದನ್ನು ಯಾರು ಕೇಳಿದರು? ಹೀಗೆ ಯೋಚಿಸಿ ಅವಳಿಗೇ ಹೆದರಿಕೆಯಾಯಿತು. ಎದ್ದು ಹಿತ್ತಲಿಗೆ ಹೋದಳು, ಕಾರಣವಿಲ್ಲದೆ ಬಂದಳು, ಸೌದೆ ತರಲೆಂದು ಮತ್ತೆ ಹೋಗಿ ಬರಿಗೈಯಲ್ಲಿ ಬಂದಳು.

“ಅತ್ತಿಗೆ ಇವತ್ತು ನಿಂತಲ್ಲಿ ನಿಲ್ತಿಲ್ಲ,” ಎಂದು ನಂದನ್ ತೆಂಗಿನಕಾಯಿ ತುರಿಯುತ್ತ ನಕ್ಕ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗುರುವಯ್ಯ ಅವಳನ್ನು ನಡುಮನೆಗೆ ಕರೆದ. ಟ್ರಂಕಿನಿಂದ ಒಂದು ಕವರು ತೆಗೆದ. ಒಳಗೆ ಮಡಿಕೆ ಬಿಚ್ಚದ ಆಕಾಶನೀಲಿ ಅಂಗಿ, ಒಂದು ಪಂಚೆ. ಎಲೆಯ ಪಕ್ಕ ಇಡುವುದಕ್ಕೆ.

“ಅಳತೆ ಸರಿಯಾಗತ್ತೇನಮ್ಮಾ ನೋಡು. ಅಂಗಡಿಯೋನು ಕೇಳ್ದ, ನಂಗೆ ನೆನ್ಪಾಗ್ಲಿಲ್ಲ. ಸಪೂರ ಇದ್ದಾನೆ ಅಂತ ಹೇಳ್ದೆ.” ಅಂಗಿಯ ಕಾಲರನ್ನು ಅವನು ಬೆರಳಿನಿಂದ ಸವರಿದ. “ಇವತ್ತು ನಂಗೆ ಸಮಾಧಾನ ಪ್ರೇಮಾ. ಅವ್ನಿಗೆ ಏನೂ ಮಾಡಿಲ್ವಲ್ಲ ಅಂತ ದಿನಾ ಮಲಗ್ವಾಗ ಎದೆ ಕಚ್ತಿತ್ತು.”

ಅವಳು ಬಾಯಿ ತೆರೆದಳು. ‘ಮಾವ’ ಎಂಬಲ್ಲಿಗೆ ಮಾತು ನಿಂತಿತು. ಗುರುವಯ್ಯನ ಮುಖದಲ್ಲಿ ಅವಳು ಈಚೆಗೆ ಕಂಡಿರದ ಹಗುರ ಕಾಣುತ್ತಿತ್ತು. ಅದನ್ನು ಕೆಡಿಸುವುದಕ್ಕೆ ಅವಳಿಗೆ ಕೈ ಬರಲಿಲ್ಲ.

“ಸರಿಯಾಗತ್ತೆ ಮಾವ,” ಅಂದಳು. ಆ ಅಂಗಿ ಈಗ ಅವನ ಹೊಟ್ಟೆಯ ಮೇಲೆ ಗುಂಡಿ ಕೂಡುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅಡುಗೆಮನೆಗೆ ಬಂದಾಗ ಅಂಜನಮ್ಮ ಇರಲಿಲ್ಲ, ಹಿತ್ತಲಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಏಡಿ ಸಾರು ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು. ಪ್ರೇಮಲತಾ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಳು. ಧರ್ಮೇಶನನ್ನು ನೆನೆದರೆ ಅವಳಿಗೆ ಎಳ್ಳಷ್ಟೂ ಕನಿಕರ ಬರುತ್ತಿರಲಿಲ್ಲ. ನೆನಪಾದದ್ದು ಆ ಮಗು. ಅದರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಎಷ್ಟು ಹುಡುಕಿದರೂ ಇರಲಿಲ್ಲ. ಅದರ ಗಲ್ಲ ಒರೆಸುವವನನ್ನು ತಾನೇ ಕೈಯಾರೆ ಬಡಿಸಿ ಸಾವಿಗೆ ಕಳಿಸುವುದು ಅವಳಿಂದ ಆಗದ ಮಾತು. ಹೇಳುವ ಧೈರ್ಯವಿಲ್ಲ, ಇಡುವ ಧೈರ್ಯವೂ ಇಲ್ಲ. ಆಗ ಅವಳಿಗೆ ದಾರಿಯೊಂದು ಹೊಳೆಯಿತು. ಅತ್ತಿತ್ತ ನೋಡಿ ಬಾಯಿಯ ಬಟ್ಟೆಯನ್ನು ಗಲ್ಲದ ಕೆಳಗೆ ಎಳೆದಳು, ಸೌಟಿನಿಂದ ಒಂದಿಷ್ಟು ಸಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದಳು, ಅದೇ ಸೌಟನ್ನು ಮತ್ತೆ ಪಾತ್ರೆಯೊಳಗೆ ಮುಳುಗಿಸಿ ತಿರುವಿದಳು. ಮುಗಿಯಿತು, ಸಾರು ಎಂಜಲಾಯಿತು. ಇನ್ನು ಮಾವ ಎಷ್ಟು ಕೂಗಿ ಕರೆದರೂ ಅದು ಯಾರಿಗೂ ಮುಟ್ಟುವುದಿಲ್ಲ. ಎಡೆಯೂ ಆಗುತ್ತದೆ, ಯಾರ ಆಯಸ್ಸಿಗೂ ಕುತ್ತಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬಟ್ಟೆ ಮೇಲಕ್ಕೆ ಕಟ್ಟಿಕೊಂಡು ಅವಳು ಕೊಡ ಹಿಡಿದು ಹೊರಗೆ ನಡೆದಳು. ಬೆಳಿಗ್ಗೆಯಿಂದ ಮೊದಲ ಸಲ ಉಸಿರು ನೆಟ್ಟಗೆ ಆಡಿತು.

ಕೊಡ ತುಂಬಿಸಿ ಹಿಂದಿನ ಬಾಗಿಲಿಂದ ಒಳಗೆ ಕಾಲಿಟ್ಟಳು, ಅಲ್ಲೇ ನಿಂತಳು.

ಅಂಜನಮ್ಮ ಒಲೆಯ ಮುಂದೆ ಬಗ್ಗಿದ್ದಳು. ಅವಳ ಬಾಯಿಯ ಬಟ್ಟೆ ಗಲ್ಲದ ಕೆಳಗಿತ್ತು. ಏಡಿ ಸಾರಿನ ಸೌಟು ಅವಳ ತುಟಿಗೆ ತಾಗಿತ್ತು.

ಸದ್ದಿಗೆ ತಿರುಗಿದ ಅಂಜನಮ್ಮ ಸೌಟನ್ನು ಪಾತ್ರೆಗೆ ಬಿಟ್ಟಳು. “ಉಪ್ಪು...” ಅಂದಳು. “ಉಪ್ಪು ಹಾಕಿದ್ನೋ ಇಲ್ವೋ ಅಂತ.”

ಮದುವೆಯಾಗಿ ಬಂದ ವರ್ಷದಿಂದ ಪ್ರೇಮಲತಾ ಈ ಹಬ್ಬದ ಅಡುಗೆಗೆ ಅತ್ತೆಯ ಪಕ್ಕದಲ್ಲಿ ಕೂತಿದ್ದಾಳೆ. ಒಮ್ಮೆ ಮಗುವಾಗಿದ್ದ ನಂದನ್ ಪಾಯಸಕ್ಕೆ ಬೆರಳು ಹಾಕಿದ್ದಕ್ಕೆ ಇಡೀ ಪಾತ್ರೆ ದನಕ್ಕೆ ಸುರಿದು ಹೊಸದಾಗಿ ಮಾಡಿದವಳಂತೆ ಇದೇ ಅಂಜನಮ್ಮ. ಆ ಕತೆಯನ್ನು ಪ್ರತಿ ವರ್ಷ ಹೇಳುತ್ತಾಳೆ. ಅವಳಿಗೆ ಉಪ್ಪಿನ ಅಂದಾಜು ತಪ್ಪಿತೆಂದರೆ ನಂಬುವವರು ಯಾರು? ಅದೂ ಬೇರೆ ಯಾವ ಪಾತ್ರೆಯೂ ಅಲ್ಲ, ಮಗನ ಎಲೆಗೆ ಬೀಳುವ ಪಾತ್ರೆಯೇ. ಕೊಡ ಪ್ರೇಮಲತಾಳ ಸೊಂಟದಿಂದ ಜಾರಿ ನೆಲಕ್ಕೆ ಕೂತಿತು, ನೀರು ಚೆಲ್ಲಿತು.

“ನಿಮ್ಗೆ ಯಾವಾಗಿಂದ ಗೊತ್ತು ಅತ್ತೆ?”

“ಎಂಥದ್ದು?”

“ಅವ್ರು ಬದುಕಿರೋದು.”

ಅಂಜನಮ್ಮ ಬಾಗಿಲ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಅವಳ ಕಣ್ಣು ಅಗಲವಾಯಿತು. “ನಿಂಗೆ... ನಿಂಗೆ ಯಾರು ಹೇಳಿದ್ರು?”

“ನಾನೇ ನೋಡಿದೀನಿ. ಚಿಕ್ಕಮಗ್ಳೂರಲ್ಲಿ. ಎರಡು ವರ್ಷ ಆಯ್ತು. ನೀವು?”

ಅಂಜನಮ್ಮ ಮಣೆಯ ಮೇಲೆ ಕೂತಳು. ಮೆಲ್ಲನೆ, ಒಲೆಗೆ ಹೇಳುವವಳ ಹಾಗೆ ಹೇಳಿದಳು: ಧರ್ಮೇಶ ಹೋದ ಮರುವರ್ಷವೇ ಕಳಸದಲ್ಲಿರುವ ಅವಳ ತಮ್ಮನ ಮನೆಗೆ ಫೋನು ಮಾಡಿದ್ದ. ಅವ್ವನಿಗೆ ಮಾತ್ರ ಹೇಳು ಅಂದಿದ್ದ. ತಮ್ಮನ ಮನೆಗೆ ಹೋದಾಗಲೆಲ್ಲ ಅವಳು ಮಗನ ಹತ್ತಿರ ಮಾತಾಡಿ ಬರುತ್ತಿದ್ದಳು. ಮೊಮ್ಮಗಳು ಹುಟ್ಟಿದ್ದೂ ಗೊತ್ತಿತ್ತು.

“ಅಂದ್ರೆ ಆರು ವರ್ಷ,” ಪ್ರೇಮಲತಾ ಅಂದಳು.

“ಮಾವಂಗೆ ಹೇಳ್ಬೇಡ ಪ್ರೇಮಾ. ಸಾರು ಹೇಗೂ ಎಂಜಲಾಯ್ತು, ಎಡೆ ಮುಟ್ಟಲ್ಲ. ಸುಮ್ನೆ ಬಡ್ಸಿಬಿಡಣ.”

“ನಾನೂ ಅದನ್ನೇ ಮಾಡಿ ಹೋಗಿದ್ದೆ ಈಗ. ನೀವು ನಂಗೆ ಯಾಕೆ ಹೇಳ್ಲಿಲ್ಲ?”

ಅಂಜನಮ್ಮ ಒಲೆಯ ಸೌದೆಯನ್ನು ಹಿಂದಕ್ಕೆಳೆದಳು.

“ಹೇಳಿ ಅತ್ತೆ. ನಿಮ್ಮಿಬ್ರಿಗೂ ಏನಾದ್ರೂ ಆಗತ್ತೆ ಅಂತ ನಾನು ಬಾಯಿ ಮುಚ್ಕೊಂಡಿದ್ದೆ. ನೀವು ಯಾಕೆ ಮುಚ್ಕೊಂಡಿದ್ರಿ?”

“ನೀನು ಹೋಗ್ಬಿಡ್ತಿದ್ದೆ.” ಅಂಜನಮ್ಮ ತಲೆ ಎತ್ತದೆ ಹೇಳಿದಳು. “ನಾವಿಬ್ರೂ ಕೆಲ್ಸ ಬಿಟ್ಟೋರು. ಎಸ್ಟೇಟ್ ಹಾಜ್ರೀಲಿ ನಿನ್ ಹೆಸ್ರು ಇದೆ ಅಂತ ಈ ಮನೆ ಇಟ್ಟಿದಾರೆ. ನೀನು ಹೋದ್ರೆ ಹಾಜ್ರಿ ಬರೆಯೋ ರೈಟ್ರು ಮಾರನೇ ದಿನ ಬಂದು ಬೀಗ ಕೇಳ್ತಾನೆ. ಮಾವನ್ನ ಕಟ್ಕೊಂಡು ನಾನೆಲ್ಲಿಗೆ ಹೋಗ್ಲಿ?”

ಮಾತು ನಿಜವಾಗಿತ್ತು. ಲೈನ್ ಮನೆಯ ಕಾನೂನೇ ಹಾಗೆ. ಆದರೆ ಪ್ರೇಮಲತಾಳಿಗೆ ನೆನಪಾದದ್ದು ಬೇರೆ. ಅವಳಿಗೆ ಜ್ವರ ಬಂದಾಗ ತಲೆಯ ಹತ್ತಿರ ಕೂತು, ‘ಬರ್ತಾನೆ ಮಗಾ, ಧೈರ್ಯ ಗೆಡ್ಬೇಡ’ ಎಂದು ಇದೇ ಅತ್ತೆ ಹಣೆ ಒತ್ತುತ್ತಿದ್ದಳು. ತವರಿನಿಂದ ಅಣ್ಣ ಕರೆಯಲು ಬಂದಾಗ, ‘ಗಂಡ ಬಂದ ದಿನ ಮನೇಲಿ ಹೆಂಡ್ತಿ ಇರ್ಬೇಕಲ್ಲಪ್ಪ’ ಎಂದು ಅಳುತ್ತ ಹಿಂದಕ್ಕೆ ಕಳಿಸಿದ್ದೂ ಇದೇ ಅತ್ತೆ. ಆ ಕಣ್ಣೀರಿಗೆ ಮರುಗಿಯೇ ಅವಳು ನಿಂತಿದ್ದಳು. ಬೆಳಿಗ್ಗೆ ಅತ್ತೆಯನ್ನು ಕಂಡು ಕರಗಿದ ಮನಸ್ಸು ಈಗ ಉರಿಯಿತು. ಧರ್ಮೇಶ ಓಡಿ ಹೋಗಿ ಮಾಡಿದ್ದಕ್ಕಿಂತ ಅಂಜನಮ್ಮ ಪಕ್ಕದಲ್ಲೇ ಕೂತು ಮಾಡಿದ್ದು ಹೆಚ್ಚು ನೋಯಿಸಿತು.

“ಅಡ್ಗೆ ಆಯ್ತೇನ್ರೇ? ದೀಪ ಹಚ್ಚೋ ಹೊತ್ತಾಯ್ತು,” ನಡುಮನೆಯಿಂದ ಗುರುವಯ್ಯ ಕೂಗಿದ.

“ಬಂದ್ವಿ ಮಾವ.”

ಪ್ರೇಮಲತಾ ಬಾಯಿಯ ಬಟ್ಟೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡಳು. ಅಂಜನಮ್ಮ ಅವಳ ಸೆರಗು ಹಿಡಿದಳು, “ಬೇಡ ಕಣೇ, ನಿನ್ ದಮ್ಮಯ್ಯ” ಅಂದಳು. ಪ್ರೇಮಲತಾ ಸೆರಗು ಬಿಡಿಸಿಕೊಂಡು ಏಡಿ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಹೋದಳು.

ನಡುಮನೆಯಲ್ಲಿ ಗೋಡೆಯ ಉದ್ದಕ್ಕೆ ನಾಲ್ಕು ಎಲೆ ಹಾಕಿತ್ತು. ಮೂರಕ್ಕೆ ಅನ್ನ, ಕಡುಬು, ಪಾಯಸ ಬಿದ್ದಾಗಿತ್ತು, ಕೋಳಿಯ ಪಾತ್ರೆ ಪಕ್ಕದಲ್ಲಿತ್ತು; ನಂದನ್ ಮೊದಲೇ ಒಯ್ದು ಕೊಟ್ಟಿದ್ದ. ನಾಲ್ಕನೆಯದು ಖಾಲಿಯಿತ್ತು, ಪಕ್ಕದಲ್ಲಿ ನೀಲಿ ಅಂಗಿ. ಸಾಂಬ್ರಾಣಿ ಹೊಗೆಯಲ್ಲಿ ಗುರುವಯ್ಯನ ಕಣ್ಣು ಕೆಂಪಾಗಿತ್ತು. ಅವನು ಎರಡೂ ಕೈ ಚಾಚಿದ.

“ಕೊಡಮ್ಮ. ನಾನೇ ಬಡಿಸ್ತೀನಿ. ನಾನೇ ಕರೀತೀನಿ ನನ್ ಮಗನ್ನ.”

“ಇದು ಎಂಜಲಾಗಿದೆ ಮಾವ.”

ಗುರುವಯ್ಯನಿಗೆ ಅರ್ಥವಾಗಲಿಲ್ಲ. “ಎಂಜಲಾ? ಯಾರು ಮುಟ್ಟಿದ್ರು?”

“ನಾನು ತಿಂದೆ. ಅತ್ತೇನೂ ತಿಂದ್ರು.”

“ಬುದ್ಧಿ ಇದೆಯೇನೇ ನಿಮ್ಗೆ?” ಅವನ ದನಿ ಏರಿತು. “ಇಷ್ಟ್ ವರ್ಷ ಆದ್ಮೇಲೆ ಮಗಂಗೆ ಒಂದ್ ತುತ್ತು ಇಡ್ತಿದೀನಿ ನಾನು, ಅದಕ್ಕೂ...”

“ಬದುಕಿರೋರಿಗೆ ಎಡೆ ಇಡ್ಬಾರ್ದಲ್ಲ ಮಾವ. ಅದಕ್ಕೆ ತಿಂದ್ವಿ.”

ಮೊದಲು ಬಾಯಿಬಿಟ್ಟವನು ನಂದನ್. “ಅಣ್ಣ ಬದುಕಿದಾನಾ?” ಎಂದು ಕೇಳುತ್ತಲೇ ಅವನ ಮುಖ ಅರಳಿತು. “ಎಲ್ಲಿ? ಎಲ್ಲಿದಾನೆ ಅತ್ತಿಗೆ?” ಎಂದು ಎರಡು ಹೆಜ್ಜೆ ಮುಂದೆ ಬಂದ. ಪ್ರೇಮಲತಾಳ ಮುಖ ನೋಡಿ ಅವನ ನಗು ಅಲ್ಲೇ ಆರಿತು.

ಅವಳು ಪಾತ್ರೆ ಕೆಳಗಿಟ್ಟು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಗಾಡಿ, ಗೋಬಿ, ಹೆಂಗಸು, ಮಗು. ಕಳಸದ ಫೋನಿನ ವಿಷಯವನ್ನು ಅವಳು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಗುರುವಯ್ಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ, “ನಿಂಗೂ ಗೊತ್ತಿತ್ತಾ?” ಎಂದು ಕೇಳಿದ. ಅಂಜನಮ್ಮ ಗೋಡೆಯ ಕಡೆ ಮುಖ ಮಾಡಿದಳು.

ಗುರುವಯ್ಯ ಬಗ್ಗಿ, ಅಂಗಿಯನ್ನು ಕವರಿನೊಳಗೆ ಹಾಕಿದ. ನಾಲ್ಕನೆಯ ಎಲೆಯನ್ನು ಎತ್ತಿ ಸುರುಳಿ ಸುತ್ತಿದ.

“ಮಿಕ್ಕ ಅಡ್ಗೆ ಸರಿಯಾಗಿದೆಯಾ?”

“ಸರಿಯಾಗಿದೆ ಮಾವ. ಯಾರೂ ಮುಟ್ಟಿಲ್ಲ.”

ಗುರುವಯ್ಯ ಕೋಳಿ ಬಡಿಸುತ್ತ ಅಪ್ಪನನ್ನು ಕರೆದ, ಅವ್ವನನ್ನು ಕರೆದ, ಮಾರಯ್ಯನನ್ನು ಕರೆದ. ಬೀಡಿ ಕಟ್ಟಿನ ಜೊತೆ ಬೆಂಕಿಪೊಟ್ಟಣ ಇಡುವುದನ್ನು ಮರೆತ, ನಂದನ್ ಇಟ್ಟ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಹಿರಿಯರು ಉಣ್ಣುವವರೆಗೆ ಮನೆಯವರು ಹೊರಗಿರಬೇಕು.

ಜಗಲಿಯ ಮೇಲೆ ನಾಲ್ವರೂ ಕೂತರು. ಪಕ್ಕದ ಲೈನಿನಲ್ಲಿ ಯಾರೋ ತಮ್ಮ ಅಜ್ಜನನ್ನು ಕೂಗಿ ಕರೆಯುತ್ತಿದ್ದರು. ಅಂಜನಮ್ಮ ಕಂಬಕ್ಕೆ ಒರಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು, ಗಂಡ ಅವಳ ಕಡೆ ನೋಡಲಿಲ್ಲ. ನಂದನ್ ಫೋನು ತೆಗೆದು ಮತ್ತೆ ಜೇಬಿಗೆ ಹಾಕಿದ.

“ನಾನೊಬ್ಬ ಮುಠ್ಠಾಳ,” ಗುರುವಯ್ಯ ಅಂದ. “ಅಂಗಿ ತಂದೆ.”

ಅವನು ಸೊಸೆಯ ಕಡೆ ತಿರುಗಿದ.

“ನೀನು ಹೋಗ್ತೀಯೇನಮ್ಮಾ?”

ಈ ಪ್ರಶ್ನೆಯನ್ನು ಏಳು ವರ್ಷದಲ್ಲಿ ಈ ಮನೆಯವರು ಒಬ್ಬರೂ ಅವಳನ್ನು ಕೇಳಿರಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದಳೋ, ಈಗ ಉತ್ತರ ತಾನಾಗಿ ಬಂತು.

“ಹೋಗ್ತೀನಿ ಮಾವ. ನಾಳೇನೇ ಅಲ್ಲ. ಮನೆ ವಿಷ್ಯ ನಂದನ್ ಹೋಗಿ ರೈಟ್ರ ಹತ್ರ ಮಾತಾಡ್ಲಿ, ಅಲ್ಲೀವರ್ಗೂ ಇರ್ತೀನಿ. ಆಮೇಲೆ ಹೋಗ್ತೀನಿ.”

“ಹೋಗು. ತಡಿಯಲ್ಲ ನಾನು.” ಅವನು ಅಂಗಳದ ಕಡೆ ನೋಡುತ್ತ ಹೇಳಿದ. “ಒಂದು ಕೇಳ್ಲಾ? ನಾವು ಸತ್ಮೇಲೆ ಆ ಓಡ್ಹೋದ ಮಗ ಎಡೆ ಇಡಲ್ಲ. ಈ ನಂದನ್‌ಗೆ ಅಡ್ಗೆ ಗೊತ್ತಿಲ್ಲ. ಅಮಾಸೆಗೆ ಒಂದೆಲೆ...” ಮುಂದೆ ಹೇಳಲು ಅವನಿಗೆ ನಾಚಿಕೆಯಾಯಿತು.

ಪ್ರೇಮಲತಾಳ ಕಣ್ಣು ತುಂಬಿತು. “ನಿಮ್ಗೆ ಇಡ್ತೀನಿ ಮಾವ. ಎಲ್ಲಿದ್ರೂ ಇಡ್ತೀನಿ.”

ಅಂಜನಮ್ಮ ಸೆರಗು ಕೆಳಗಿಳಿಸಿ ಅವಳ ಕಡೆ ನೋಡಿದಳು. ಗುರುವಯ್ಯನೇ ಕೇಳಿದ, “ಇವ್ಳಿಗೆ?”

“ಅದನ್ನ ಈಗ ಕೇಳ್ಬೇಡಿ ಮಾವ,” ಪ್ರೇಮಲತಾ ಅಂದಳು.

ಅಂಜನಮ್ಮ ಎದ್ದು, ಒಳಗಿನ ಹಿರಿಯರಿಗೆ ತಿಳಿಯಲೆಂದು ಬಾಗಿಲಿಗೆ ಮೂರು ಸಲ ತಟ್ಟಿ, ಒಳಗೆ ಹೋದಳು. ಹಿರಿಯರು ಹೋದ ಮೇಲೆ ಮನೆಯವರಿಗೆ ಬಡಿಸುವ ಸದ್ದು ಕೇಳಿತು. ಯಾವತ್ತೂ ಗಂಡಸರಿಗೆ ಮೊದಲು ಎಲೆ ಹಾಕುವವಳು ಇವತ್ತು ಸೊಸೆಯನ್ನು ಕರೆದಳು. “ಬಾ ಪ್ರೇಮಾ, ನಿಂಗೆ ಹಾಕಿದೀನಿ,” ಎಂದು ಒಂದು ಸಲ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಬೆಳಿಗ್ಗೆಯಿಂದ ಏನೂ ತಿಂದಿರದ ಪ್ರೇಮಲತಾಳಿಗೆ ಹಸಿವಾಗಿತ್ತು. ಆದರೂ ಅವಳು ಏಳಲಿಲ್ಲ.